ಕೆಟಲ್ ಲಾಕಿ ಬಿಟ್ಟು ಬಂದ ಪೈಪು

ನನ್ನ ಗಂಡ ಸತ್ತ ಸುದ್ದಿಯನ್ನು ಪತ್ರಿಕೆಗೆ ಕೊಟ್ಟವಳು ಮಗಳು ರೀಟಾ. ಲಾಕ್ಲನ್ ಫ್ರಾನ್ಸಿಸ್ ಮೆಕ್‌ಇನ್ನಿಸ್, ಅರವತ್ತೊಂಬತ್ತು ವರ್ಷ, ಎಂದು ಅಚ್ಚಾಯಿತು. ಮಧ್ಯಾಹ್ನದವರೆಗೆ ಒಬ್ಬರೂ ಮನೆ ಕಡೆ ಬರಲಿಲ್ಲ. ಹನ್ನೆರಡು ಗಂಟೆಗೆ ಅಂಚೆ ಕಚೇರಿಯ ಎಫಿ ಫೋನು ಮಾಡಿದಳು.

“ಡೀನಾ, ನಿಮ್ಮ ರಸ್ತೇಲಿ ಯಾರೋ ಲಾಕ್ಲನ್ ಅನ್ನೋರು ತೀರ್ಕೊಂಡ್ರಂತಲ್ಲ. ಯಾರೇ ಅದು?”

“ನನ್ನ ಗಂಡ.”

“ಅಯ್ಯೋ, ನಮ್ಮ ಕೆಟಲ್ ಲಾಕೀನಾ?”

ಆಮೇಲೆ ಮನೆ ತುಂಬಿತು.

ಕೇಪ್ ಬ್ರೆಟನ್ ದ್ವೀಪದ ನಮ್ಮ ಈ ದಂಡೆಯಲ್ಲಿ ಇಟ್ಟ ಹೆಸರಿಗೆ ಬೆಲೆ ಇಲ್ಲ. ಸರೋವರದ ಸುತ್ತ ಐದಾರು ಮನೆತನ. ಮಕ್ಕಳಿಗೆ ಇಡುವುದು ಅದೇ ಏಳೆಂಟು ಹೆಸರು. ಒಂದೇ ರಸ್ತೆಯಲ್ಲಿ ಮೂವರು ಡ್ಯಾನ್ ಮೆಕ್‌ನೀಲ್ ಇರುತ್ತಾರೆ. ಅದಕ್ಕೇ ಜನ ಅಡ್ಡಹೆಸರು ಕೊಡುತ್ತಾರೆ. ಅದನ್ನು ನಾವು ಆರಿಸಿಕೊಳ್ಳುವ ಹಾಗಿಲ್ಲ. ಒಮ್ಮೆ ಅಂಟಿದರೆ ಮಣ್ಣಿಗೆ ಹೋಗುವವರೆಗೂ ಅದೇ. ಲಾಕಿಗೆ ಅಂಟಿದ್ದು ಅವನ ತಪ್ಪಿನಿಂದ. ಅದರಲ್ಲಿ ಅರ್ಧ ನನ್ನ ತಪ್ಪು.

ಅದು ಎಪ್ಪತ್ತೆಂಟನೇ ಇಸವಿಯ ಅಕ್ಟೋಬರ್. ನನಗೆ ಹತ್ತೊಂಬತ್ತು. ನನ್ನ ಅಮ್ಮನ ತಾಯಿ ಸೀಲಿಯಾ ಅಜ್ಜಿಯ ಮನೆಯಲ್ಲಿದ್ದೆ. ಮನೆ ಬೆಚ್ಚಗಿಡುವ ಎಣ್ಣೆ ತುಟ್ಟಿಯಾಯಿತೆಂದು ಸಿಟ್ಟಾಗಿ ಅಜ್ಜಿ ಮತ್ತೆ ಸೌದೆ ಒಲೆಗೆ ಹೋಗಿದ್ದಳು. ನೆಲಮಾಳಿಗೆಯಲ್ಲಿದ್ದ ಕಬ್ಬಿಣದ ಎಣ್ಣೆ ಟ್ಯಾಂಕನ್ನು ಹ್ಯೂಯಿ ಮಾವ ಬೇಸಿಗೆಯಲ್ಲಿ ಕಳಚಿ ಸಾಗಿಸಿದ್ದ. ಟ್ಯಾಂಕು ಹೋಯಿತು. ಹೊರಗಿನಿಂದ ಗೋಡೆ ತೂರಿ ಒಳಗೆ ಬರುವ ಪೈಪು ಹಾಗೇ ಉಳಿಯಿತು.

“ಅದೇನು ಊಟ ಕೇಳತ್ತಾ, ಇರ್ಲಿ ಬಿಡು” ಅಂದಿದ್ದ ಮಾವ.

ಎಣ್ಣೆ ತುಂಬುವವನು ಮನೆಯೊಳಗೆ ಬರುವುದಿಲ್ಲ. ಹೊರಗೋಡೆಯಲ್ಲಿ ಎರಡು ಪೈಪು ಇರುತ್ತವೆ. ಒಂದಕ್ಕೆ ಲಾರಿಯ ರಬ್ಬರ್ ಕೊಳವೆ ಸಿಕ್ಕಿಸಿ ಎಣ್ಣೆ ಬಿಡುತ್ತಾನೆ. ಟ್ಯಾಂಕಿನ ಗಾಳಿ ಇನ್ನೊಂದರಿಂದ ಹೊರಡುತ್ತದೆ. ಆ ದಾರಿಯಲ್ಲಿ ಒಂದು ಸಿಳ್ಳೆ ಇಟ್ಟಿರುತ್ತಾರೆ. ಸಿಳ್ಳೆ ಕೂಗುವಷ್ಟು ಹೊತ್ತು ತುಂಬಬೇಕು, ಸಿಳ್ಳೆ ನಿಂತರೆ ನಿಲ್ಲಿಸಬೇಕು. ಆ ಕೆಲಸದ ವಿದ್ಯೆ ಇಷ್ಟೇ.

ಲಾಕಿ ಎಣ್ಣೆ ಲಾರಿಯ ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಡ್ಯಾನ್ ಮೆಕ್‌ನೀಲ್ ಮನೆಗೆ ಎಣ್ಣೆ ಹಾಕಿ ಬಾ ಎಂದು ಚೀಟಿ ಕೊಟ್ಟಿದ್ದರು. ಅದು ಇದೇ ರಸ್ತೆಯ ಬೇರೊಬ್ಬ ಡ್ಯಾನ್. ನನ್ನ ಅಜ್ಜ ಡ್ಯಾನ್ ಮೆಕ್‌ನೀಲ್ ಸತ್ತು ಆರು ವರ್ಷವಾಗಿತ್ತು. ಹೆಸರು ಮಾತ್ರ ಅಂಚೆ ಡಬ್ಬಿಯ ಮೇಲೆ ಇತ್ತು. ಲಾಕಿ ಅದನ್ನು ಓದಿದ, ಲಾರಿ ತಿರುಗಿಸಿದ, ಕೊಳವೆ ಎಳೆದ.

ನಾನು ಕಿಟಕಿಯಿಂದ ನೋಡಿದೆ. ಅಂಗಳಕ್ಕೆ ಯಾರು ಬಂದರೂ ಚಹಾ ಕೊಡಬೇಕು. ತೆರಿಗೆಯವನು ಬಂದರೂ ಚಹಾ. ಓಡಿ ಹೋಗಿ, ನೀರು ಕುದಿದರೆ ಮೂತಿಯ ಸಿಳ್ಳೆ ಕೂಗುವ ಕೆಟಲ್ ಒಲೆಯ ಮೇಲಿಟ್ಟೆ. ಒಲೆ ಕೆಂಪಗೆ ಕಾದಿತ್ತು. ಬೇಗ ಕುದಿಯಿತು, ಸಿಳ್ಳೆ ಹಾಕತೊಡಗಿತು. ನಾನು ಹಿಡಿ ಮುರಿಯದ ಬಟ್ಟಲು ಹುಡುಕುತ್ತಿದ್ದೆ. ಅಜ್ಜಿಗೆ ಕಿವಿ ಮಂದ. ಅಡುಗೆಮನೆಯ ಕಿಟಕಿಯ ಕೆಳಗೇ ಲಾಕಿ ನಿಂತಿದ್ದ. ಸಿಳ್ಳೆ ಕೇಳಿಸಿತು, ಎಣ್ಣೆ ಬಿಡುತ್ತಲೇ ಇದ್ದ. ಬಟ್ಟಲು ಸಿಕ್ಕ ಮೇಲೆ ನಾನು ಕೆಟಲ್ ಇಳಿಸಿದೆ. ಸಿಳ್ಳೆ ನಿಂತಿತು. ಅವನೂ ನಿಲ್ಲಿಸಿದ.

ಟೋಪಿ ತೆಗೆದು ಒಳಗೆ ಬಂದ. “ಅಮ್ಮಾ, ಟ್ಯಾಂಕ್ ತುಂಬ್ತು.”

“ಯಾವ ಟ್ಯಾಂಕಪ್ಪಾ?” ಅಂದಳು ಅಜ್ಜಿ.

ಅಷ್ಟು ಹೊತ್ತಿಗೆ ನೆಲದ ಹಲಗೆಗಳ ಸಂದಿಯಿಂದ ವಾಸನೆ ಮೇಲೆ ಬಂದಿತ್ತು. ಕೆಳಗೆ ಮಣ್ಣಿನ ನೆಲ. ಚಳಿಗಾಲಕ್ಕೆ ಇಟ್ಟ ಆಲೂಗಡ್ಡೆ, ಕ್ಯಾರೆಟ್, ಅಜ್ಜಿಯ ಹಣ್ಣಿನ ಜಾಮ್ ಶೀಶೆಗಳು ಎಲ್ಲ ಎಣ್ಣೆಯಲ್ಲಿ ನಿಂತಿದ್ದವು. ಲಾಕಿ ಮೆಟ್ಟಿಲ ಮೇಲೆ ಕೂತು ಎರಡು ಕೈಯಲ್ಲೂ ತಲೆ ಹಿಡಿದುಕೊಂಡ.

ಅವನ ಕೆಲಸ ಅದೇ ವಾರ ಹೋಯಿತು, ಕೆಟಲ್ ಲಾಕಿ ಎಂಬ ಹೆಸರು ಅಂಟಿತು. ಮುಂದಿನ ಭಾನುವಾರ ಗುದ್ದಲಿ, ಬಕೆಟ್ಟು ಹಿಡಿದು ನಮ್ಮ ಬಾಗಿಲಿಗೆ ಬಂದ. ಯಾರೂ ಕರೆದಿರಲಿಲ್ಲ. ಎಣ್ಣೆ ಕುಡಿದ ಮಣ್ಣನ್ನು ಅಗೆದು ಬಕೆಟ್ಟಿನಲ್ಲಿ ಹೊತ್ತು ಹೊರಗೆ ಹಾಕಿದ. ಹಿಮ ಬಿದ್ದರೂ ಬಂದ. ಈಸ್ಟರ್ ಹಬ್ಬದವರೆಗೂ ಬಂದ. ಅಜ್ಜಿ ಕ್ರಿಸ್ಮಸ್‌ವರೆಗೆ ಅವನ ಜೊತೆ ಮಾತಾಡಲಿಲ್ಲ. ಚಹಾ ಮಾತ್ರ ಕೊಟ್ಟಳು. ಕೆಟಲಿನ ಮೂತಿಯ ಸಿಳ್ಳೆಯನ್ನು ಕಿತ್ತು ಒಲೆಗೆ ಹಾಕಿದ್ದಳು.

ಎಂಬತ್ತರಲ್ಲಿ ನಾವು ಮದುವೆಯಾದೆವು. ಹನ್ನೊಂದು ಕೆಟಲ್ ಉಡುಗೊರೆ ಬಂದವು. ಹ್ಯೂಯಿ ಮಾವನೇ ಎರಡು ತಂದಿದ್ದ. ಜನ ಹೊಟ್ಟೆ ಹಿಡಿದು ನಕ್ಕರು. ಲಾಕಿ ಎಲ್ಲವನ್ನೂ ಸಾಲಾಗಿ ಮೇಜಿನ ಮೇಲಿಟ್ಟು ಒಬ್ಬೊಬ್ಬರಿಗೂ ವಂದನೆ ಹೇಳಿದ. ನನಗೆ ಅಳು ಬಂದಿತ್ತು.

“ಅಳೋದೇನಿದೆ?” ಅಂದ. “ಹೆಸರು ಅವ್ರು ಕೊಟ್ರು. ಅದಕ್ಕೆ ಅರ್ಥ ನಾನು ಕೊಡ್ತೀನಿ.”

ಹಳೆಯ ಎಣ್ಣೆ ಟ್ಯಾಂಕು ಕೀಳುವ ಕೆಲಸ ಹಿಡಿದ. ಸೆಕೆಂಡ್‌ಹ್ಯಾಂಡ್ ಗಾಡಿ ಕೊಂಡ. ಅದರ ಬಾಗಿಲ ಮೇಲೆ ಹೆಸರು ಬರೆಸಲಿಲ್ಲ, ಒಂದು ಕೆಟಲಿನ ಚಿತ್ರ ಬರೆಸಿದ. ನಲವತ್ತು ವರ್ಷ ಅದೇ ಕೆಲಸ.

ಕೊಳಕು ಕೆಲಸ ಅದು. ಉಳಿದ ಎಣ್ಣೆಯನ್ನು ಪಂಪಿನಿಂದ ಪೀಪಾಯಿಗೆ ಎಳೆಯಬೇಕು. ಮನೆ ಕಾಯಿಸುವ ಬಾಯ್ಲರಿಗೆ ಹೋಗುವ ಸಣ್ಣ ಕೊಳವೆ ಕಳಚಬೇಕು. ಟ್ಯಾಂಕನ್ನು ಸೀಳಿ, ಒಳಗೆ ತಲೆ ತೂರಿಸಿ, ತಳದ ಕಪ್ಪು ರಾಡಿಯನ್ನು ಕೆರೆದು ಮರದ ಹೊಟ್ಟು ಹಾಕಿ ಒರೆಸಬೇಕು. ಆಮೇಲೆ ತುಂಡು ಮಾಡಿ ಮೆಟ್ಟಿಲು ಹತ್ತಿಸಬೇಕು. ಅವನ ಅಂಗಿ ನಾನು ಬೇರೆ ಒಗೆಯುತ್ತಿದ್ದೆ. ಹಾಸಿಗೆಯಲ್ಲೂ ಅದೇ ವಾಸನೆ. ಈಗ ಆ ದಿಂಬಿನಿಂದ ವಾಸನೆ ಹೋಗಿದೆ. ಹೋಗಬಾರದಿತ್ತು.

ಬೇರೆಯವರೂ ಟ್ಯಾಂಕು ಕೀಳುತ್ತಾರೆ. ಅವರು ಟ್ಯಾಂಕಿನಿಂದ ಶುರು ಮಾಡುತ್ತಾರೆ. ಲಾಕಿ ಪೈಪಿನಿಂದ ಶುರು ಮಾಡುತ್ತಿದ್ದ. ಮೊದಲು ಹೊರಗಿನ ಎರಡೂ ಪೈಪು ಗೋಡೆಯಿಂದ ಈಚೆಗೆ ಬರಬೇಕು, ತೂತಿಗೆ ಸಿಮೆಂಟು ಬೀಳಬೇಕು. ಆಮೇಲೆ ಟ್ಯಾಂಕಿಗೆ ಕೈ. ಕಿತ್ತ ಪೈಪನ್ನು ಒರೆಸಿ, ಅಡುಗೆಮನೆಗೆ ತಂದು, ಮನೆಯ ಯಜಮಾನನ ಕೈಗೇ ಕೊಡುತ್ತಿದ್ದ. “ತಗೊಳ್ಳಿ, ಇನ್ನು ನಿಮ್ಮ ಮನೆಗೆ ಬಾಯಿಲ್ಲ” ಅನ್ನುತ್ತಿದ್ದ.

ಒಮ್ಮೆ ಪಾದ್ರಿಗಳ ಮನೆಯ ಟ್ಯಾಂಕು ಕೀಳುವುದಿತ್ತು. ಪೈಪು ಇರಲಿ ಅಂದರು ಫಾದರ್.

“ಮುಂದೆ ಬರೋ ಪಾದ್ರಿಗೆ ಎಣ್ಣೆ ಬೇಕು ಅನ್ನಿಸಬಹುದು, ಲಾಕಿ.”

“ಆಗ ಅವ್ರು ಹೊಸ ಪೈಪು ಹಾಕಿಸ್ಕೊಳ್ಳಲಿ, ಫಾದರ್.”

“ಒಂದು ಪೈಪಿಗೆ ಇಷ್ಟು ಹಟಾನಾ?”

“ಪಾಪ ಮಾಡ್ಬೇಡಿ ಅಂತೀರಲ್ಲ, ಪಾಪ ಬರೋ ಬಾಗಿಲು ಮಾತ್ರ ತೆಗೆದಿಡಿ ಅಂತೀರಾ?”

ಫಾದರ್ ನಕ್ಕರು, ಒಪ್ಪಲಿಲ್ಲ. ಲಾಕಿ ಸಾಮಾನು ಗಾಡಿಗೆ ಹಾಕಿಕೊಂಡು ಮನೆಗೆ ಬಂದ. ಕೈಗೆ ಬಂದ ಕೂಲಿ ಬಿಟ್ಟನೆಂದು ನನಗೆ ಸಿಟ್ಟು ಬಂತು. ಮೂರನೇ ದಿನ ಫಾದರೇ ಫೋನು ಮಾಡಿ, ಬಂದು ಕಿತ್ತುಕೊಂಡು ಹೋಗು ಮಾರಾಯ ಅಂದರು. ಈ ದಂಡೆಯಲ್ಲಿ ಮನೆ ಮಾರುವಾಗ ಕೊಳ್ಳುವವರು ಕೇಳುವ ಮಾತೊಂದಿದೆ. ಟ್ಯಾಂಕ್ ಯಾರು ತೆಗೆದದ್ದು? ಕೆಟಲ್ ಲಾಕಿ ಅಂದರೆ ಸಾಕು. ನೆಲಮಾಳಿಗೆಗೆ ಇಳಿದು ನೋಡುವುದಿಲ್ಲ.

ಹೋದ ವರ್ಷ ಬೇಸಿಗೆ ಮುಗಿಯುವಾಗ ಅವನಿಗೆ ಉಸಿರು ಕಟ್ಟತೊಡಗಿತು. ಡಾಕ್ಟರ ಹತ್ತಿರ ಹೋಗು ಅಂದೆ. ಈ ಒಂದು ಕೆಲಸ ಮುಗಿಯಲಿ ಅಂದ. ಆ ಒಂದು ಕೆಲಸ ಆಂಗಸ್ ಮೆಕ್‌ನೀಲ್ ಮನೆಯದು. ನಮ್ಮ ರಸ್ತೆಯಲ್ಲಿ ಇಬ್ಬರು ಆಂಗಸ್ ಮೆಕ್‌ನೀಲ್. ನೀರ ಬದಿಯವನು ದೋಣಿ ಆಂಗಸ್. ಮೇಲಿನವನು ಗುಡ್ಡದ ಆಂಗಸ್. ಗುಡ್ಡದ ಆಂಗಸ್ ಮನೆ ಬೆಚ್ಚಗಿಡಲು ಕರೆಂಟಿನ ಹೀಟ್ ಪಂಪು ಹಾಕಿಸಿ, ಎಣ್ಣೆ ಬೇಡವೆಂದು ಕಂಪನಿಗೆ ತಿಳಿಸಿದ್ದ. ಲಾಕಿ ಎರಡು ದಿನ ಹೋದ. ಎರಡನೇ ಸಂಜೆ ಬೂದಿ ಬಣ್ಣದ ಮುಖ ಹೊತ್ತು ಬಂದ.

“ಮುಗೀತಾ?” ಅಂದೆ.

“ಮುಗೀತು.”

ಮರುದಿನ ಆಸ್ಪತ್ರೆ. ಶ್ವಾಸಕೋಶದಲ್ಲಿ ಕ್ಯಾನ್ಸರ್ ಅಂದರು. ಎರಡೂ ಅಂದರು. ಆರು ವಾರ ಇಟ್ಟುಕೊಂಡು ಮನೆಗೆ ಕರೆದುಕೊಂಡು ಹೋಗಿ ಅಂದರು. ಅದರ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು.

ಅಕ್ಟೋಬರ್ ಬಂತು. ಎಣ್ಣೆ ಲಾರಿಗಳು ಓಡಾಡತೊಡಗಿದವು. ಲಾರಿಯ ಸದ್ದು ಕೇಳಿದಾಗಲೆಲ್ಲ ಲಾಕಿ ಹಾಸಿಗೆಯಿಂದ ತಲೆ ಎತ್ತಿ, ಅದು ಎತ್ತ ಹೋಗುತ್ತದೆ ಎಂದು ಆಲಿಸುತ್ತಿದ್ದ. ಒಂದು ಬೆಳಗ್ಗೆ ಓಟ್ಸ್ ಗಂಜಿ ಮುಂದಿಟ್ಟೆ. ಮುಟ್ಟಲಿಲ್ಲ.

“ಯಾಕೆ, ಉಪ್ಪು ಕಮ್ಮೀನಾ?”

“ಗುಡ್ಡದ ಆಂಗಸ್ ಮನೆ ಪೈಪು ಇನ್ನೂ ಗೋಡೇಲೇ ಇದೆ.”

ನಾನು ಅವನ ಮುಖ ನೋಡಿದೆ. “ಮುಗೀತು ಅಂದೆಯಲ್ಲ.”

“ಅಂದೆ.”

“ಆಂಗಸ್‌ಗೂ ಹಂಗೇ ಅಂದೆಯಾ?”

“ಅವ್ನೇ ಮೊದ್ಲು ಕೇಳಿದ್ದು. ಬಾಗಿಲಲ್ಲಿ ನಿಂತಿದ್ದ. ಪೈಪು ಗೋಡೇಲಿ ಬಿಗಿದುಹೋಗಿತ್ತು. ನಾಳೆ ಕೀಳೋಣ ಅಂತ ಟ್ಯಾಂಕು ಮೊದ್ಲು ತೆಗೆದೆ. ಮಾರನೇ ದಿನ ಕೈ ಏಳ್ಲಿಲ್ಲ ಡೀನಾ. ಪಾನಾ ಹಿಡಿಯೋಕಾಗ್ಲಿಲ್ಲ. ಅವ್ನು ಮುಗೀತಾ ಅಂದ. ಕೈಲಾಗ್ತಿಲ್ಲ ಅನ್ನೋಕೆ ನಾಚ್ಕೆ ಆಯ್ತು. ಮುಗೀತು ಅಂದ್ಬಿಟ್ಟೆ.”

“ಅವ್ನು ಎಣ್ಣೆ ಬೇಡ ಅಂತ ಹೇಳಾಗಿದೆ. ಲಾರಿ ಯಾಕೆ ಹೋಗತ್ತೆ?”

“ಕಂಪನಿ ಪುಸ್ತಕದಲ್ಲಿ ಇಬ್ರು ಆಂಗಸ್ ಮೆಕ್‌ನೀಲ್ ಇದಾರೆ. ಆಫೀಸಿನೋರು ಒಬ್ಬನ ಹೆಸ್ರು ಹೊಡೆದು ಹಾಕ್ತಾರೆ. ಯಾರ್ದು ಹೊಡೆದ್ರೋ ದೇವ್ರಿಗೇ ಗೊತ್ತು. ಈಗಿನ ಡ್ರೈವರ್‌ಗಳು ಸಿಳ್ಳೆ ಎಲ್ಲಿ ಕೇಳ್ತಾರೆ, ಕಿವೀಲಿ ಹಾಡು ತುರುಕಿಕೊಂಡಿರ್ತಾರೆ.”

“ಫೋನ್ ಮಾಡಿ ಹೇಳು.”

“ಫೋನಲ್ಲಿ ಹೇಳಿದ್ರೆ ಸುಳ್ಳು ಹೇಳಿದ್ದೆ ಅಂತ ಒಪ್ಕೊಂಡಂಗೆ ಮಾತ್ರ ಆಗತ್ತೆ. ಪೈಪು ಅಲ್ಲೇ ಇರತ್ತೆ.”

ಅವನ ಹೆದರಿಕೆ ನನಗೆ ಅರ್ಥವಾಯಿತು. ಒಂದು ಲಾರಿ ದಾರಿ ತಪ್ಪಿದರೆ ಆಂಗಸ್‌ನ ಮನೆ ಹಾಳು. ಅದರ ಜೊತೆಗೆ, ನಗೆಪಾಟಲಿನ ಹೆಸರನ್ನು ನಲವತ್ತು ವರ್ಷ ಉಜ್ಜಿ ಬೆಳಗಿಸಿದವನು, ಸಾಯುವ ಹೊತ್ತಿಗೆ ಮತ್ತೆ ಅದೇ ನಗೆಪಾಟಲಾಗುತ್ತಾನೆ. ಈ ಸಲ ಬರೀ ಪೆದ್ದ ಅನ್ನುವುದಿಲ್ಲ, ಸುಳ್ಳುಗಾರ ಅನ್ನುತ್ತಾರೆ.

“ಭಾನುವಾರ ಆಂಗಸ್ ಚರ್ಚಿನ ಪೂಜೆಗೆ ಹೋಗಿರ್ತಾನೆ” ಅಂದ ಲಾಕಿ. “ಆಗ ಹೋಗಿ ಕಿತ್ತು ಬಂದ್ಬಿಡೋಣ.”

“ಕಳ್ಳರ ಹಂಗೆ?”

“ಕಳ್ಳರ ಹಂಗೇ.”

“ಕೀಳೋರು ಯಾರು? ಬಟ್ಟಲು ಎತ್ತಕ್ಕಾಗಲ್ಲ ನಿನಗೆ.”

ಅವನು ನನ್ನ ತೋಳು ನೋಡಿದ. ನಾನು ಇಪ್ಪತ್ತು ವರ್ಷ ಮೀನಿನ ಕಾರ್ಖಾನೆಯಲ್ಲಿ ಪೆಟ್ಟಿಗೆ ಎತ್ತಿದವಳು.

ಆ ಭಾನುವಾರ ಚರ್ಚಿನ ಗಂಟೆ ಹೊಡೆಯುವಾಗ ನಾನು ಅವನನ್ನು ಗಾಡಿಗೆ ಹತ್ತಿಸಿದೆ. ಆಂಗಸ್‌ನ ಅಂಗಳದಲ್ಲಿ ಇಳಿದೆವು. ಪೈಪು ಗೋಡೆಯಲ್ಲಿ ಮುಚ್ಚಳ ಹಾಕಿಕೊಂಡು ನಿಂತಿತ್ತು. ಅಂಗಳದಿಂದ ನೆಲಮಾಳಿಗೆಗೆ ಇಳಿಯುವ ಹಲಗೆ ಬಾಗಿಲಿಗೆ ನಮ್ಮ ಕಡೆ ಯಾರೂ ಬೀಗ ಹಾಕುವುದಿಲ್ಲ. ನಾನು ಅದನ್ನು ಎತ್ತಿದ್ದೇ ತಡ, ಮೇಲಿನ ಕಿಟಕಿ ತೆರೆಯಿತು.

“ಏನ್ರೋ, ಪೂಜೆ ತಪ್ಪಿಸ್ಕೊಂಡು ನಮ್ಮನೆ ದೋಚೋಕೆ ಬಂದ್ರಾ?”

ಆಂಗಸ್‌ನ ಹೆಂಡತಿ ಚರ್ಚಿಗೆ ಹೋಗಿದ್ದಳು. ಅವನು ಮೊಣಕಾಲು ಊದಿಸಿಕೊಂಡು ಟೀವಿಯಲ್ಲಿ ಪೂಜೆ ನೋಡುತ್ತಿದ್ದ. ಕುಂಟುತ್ತ ಹೊರಗೆ ಬಂದ.

ಲಾಕಿ ಸಬೂಬು ಹೇಳಬಹುದಿತ್ತು. ಸಾಮಾನು ಬಿಟ್ಟಿದ್ದೆ ಅಂದಿದ್ದರೆ ಆಂಗಸ್ ನಂಬುತ್ತಿದ್ದ. ನಾನೇ ಹಾಗೆ ಹೇಳಲು ಬಾಯಿ ತೆರೆದಿದ್ದೆ. ಲಾಕಿ ಟೋಪಿ ತೆಗೆದ. ಆಸ್ಪತ್ರೆಯ ಔಷಧಕ್ಕೆ ತಲೆಗೂದಲು ಉದುರಿತ್ತು.

“ಆಂಗಸ್, ಅವತ್ತು ಮುಗೀತು ಅಂದೆ. ಮುಗಿದಿರ್ಲಿಲ್ಲ. ಪೈಪು ಬಿಟ್ಟು ಹೋದೆ. ನಿಂಗೆ ಸುಳ್ಳು ಹೇಳ್ದೆ.”

ಆಂಗಸ್ ಪೈಪಿನ ಕಡೆ ನೋಡಿದ. “ಅದಾ? ದಿನಾ ಕಾಣ್ತಿತ್ತು ನಂಗೆ.”

“ಮತ್ತೆ ಕೇಳ್ಲಿಲ್ಲ ಯಾಕೆ?”

“ಕೆಟಲ್ ಲಾಕಿ ಸುಮ್ಸುಮ್ನೆ ಪೈಪು ಬಿಡ್ತಾನಾ? ಏನೋ ಹೊಸ ಪದ್ಧತಿ ಬಂದಿರ್ಬೇಕು ಅಂದ್ಕೊಂಡೆ.”

ಬೈದಿದ್ದರೆ ಲಾಕಿ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಗೋಡೆ ಹಿಡಿದು ನಿಂತ.

“ಹೊಸ ಪದ್ಧತಿ ಏನಿಲ್ಲ” ಅಂದೆ ನಾನು. “ದೀಪ ಹಿಡ್ಕೊಂಡು ಕೆಳಗೆ ಬಾ.”

“ನನ್ ಮೊಣಕಾಲು ನೋಡು ಮಾರಾಯ್ತಿ.”

“ಮೊಣಕಾಲಲ್ಲಿ ದೀಪ ಹಿಡೀತೀಯಾ?”

ಕೆಳಗೆ ಲಾಕಿ ಬಕೆಟ್ಟು ಬೋರಲು ಹಾಕಿ ಕೂತ. ಹೇಳಿಕೊಟ್ಟ. ಪೈಪ್ ಪಾನಾವನ್ನು ಎಷ್ಟು ಎತ್ತರದಲ್ಲಿ ಕಚ್ಚಿಸಬೇಕು, ಎತ್ತ ತಿರುಗಿಸಬೇಕು. ನಾನು ಎಳೆದೆ. ಅಲ್ಲಾಡಲಿಲ್ಲ. ಇನ್ನೊಮ್ಮೆ ಎಳೆದೆ. ಅಂಗೈ ಚರ್ಮ ಸುಲಿಯಿತು.

“ನಿನ್ನ ಹೆಂಡ್ತಿ ಕೈಲಿ ಆಗಲ್ಲ ಕಣೋ” ಅಂದ ಆಂಗಸ್.

“ಅವಳ ಕೈಲಿ ಆಗದೇ ಇದ್ದದ್ದು ನಾನು ನೋಡಿಲ್ಲ. ಡೀನಾ, ಗಾಡೀಲಿ ಉದ್ದ ಕಬ್ಬಿಣದ ಕೊಳವೆ ಇದೆ. ಪಾನಾದ ಹಿಡಿಗೆ ತೂರಿಸು. ತುದಿ ಹಿಡ್ಕೊಂಡು ಜೋತುಬೀಳು. ಎಳೀಬೇಡ. ಬರೀ ಭಾರ ಬಿಡು.”

ತಂದೆ, ತೂರಿಸಿದೆ, ಜೋತುಬಿದ್ದೆ. ಪೈಪು ಹಂದಿ ಕಿರುಚಿದಂತೆ ಕಿರುಚಿ ತಿರುಗಿತು. ನಾನು ನೆಲಕ್ಕೆ ಬಿದ್ದೆ. ಆಂಗಸ್ ನಕ್ಕ. ಲಾಕಿ ನಗಲಿಲ್ಲ.

“ಪೆಟ್ಟಾಯ್ತಾ?”

“ಸುಮ್ನಿರು. ಮುಂದಿನದು ಹೇಳು.”

ಸಮ್ಮಟಿಗೆಯಿಂದ ಒಳಗಿನಿಂದ ಹೊಡೆದೆ. ಗೋಡೆಯ ಗಾರೆ ಉದುರಿ ಪೈಪು ಹೊರಗೆ ಜಾರಿತು. ಎರಡನೆಯದು, ಗಾಳಿಯದು, ಸಣ್ಣದು, ಬೇಗ ಬಂತು. ಸಿಮೆಂಟು ಕಲಸಿ ತೂತು ತುಂಬಿದೆ. ಲಾಕಿ ತೆವಳಿಕೊಂಡು ಬಂದು ಬೆರಳಿಟ್ಟು ನೋಡಿದ.

“ಇಲ್ಲಿ ಪೊಳ್ಳಿದೆ. ತೆಗ್ದು ಮತ್ತೆ ತುಂಬು.”

“ಕಾಣೋದೇ ಇಲ್ಲ ಅದು.”

“ನಂಗೆ ಕಾಣ್ತಿದೆ.”

ತೆಗೆದು ಮತ್ತೆ ತುಂಬಿದೆ. ಆಮೇಲೆ ನಾನು ಅಂಗಳದಿಂದ ತಂದುಕೊಟ್ಟ ಪೈಪನ್ನು ಅವನು ಅಂಗಿಯ ತೋಳಿನಿಂದ ಒರೆಸಿದ. ಹನ್ನೆರಡು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ನಿಂತ. ನನಗೆ ಕೊಡು ಅಂದರೆ ಕೊಡಲಿಲ್ಲ. ಅಡುಗೆಮನೆಯಲ್ಲಿ ಆಂಗಸ್‌ನ ಕೈಗೆ ಅದನ್ನು ಇಟ್ಟ. ಹೇಳುವ ಮಾತಿಗೆ ಉಸಿರು ಸಾಲಲಿಲ್ಲ. ಆಂಗಸ್ ತಾನೇ ಹೇಳಿದ.

“ಗೊತ್ತು ಬಿಡು. ಇನ್ನು ನಮ್ಮನೆಗೆ ಬಾಯಿಲ್ಲ.”

ಹಿಂದಿರುಗುವಾಗ ಗಾಡಿಯಲ್ಲಿ ಲಾಕಿ ಕೇಳಿದ. “ಆಂಗಸ್ ಸುಮ್ನಿರ್ತಾನಾ?”

“ಆಂಗಸ್ ಯಾವತ್ತು ಸುಮ್ನಿದ್ದ? ಸಂಜೆಗೆ ಅಂಗಡೀಲಿ ಹೇಳಿರ್ತಾನೆ.”

“ಹೇಳ್ಲಿ” ಅಂದ. ಆದರೆ ಕಣ್ಣು ಮುಚ್ಚಿಕೊಂಡ.

ಅದಾಗಿ ಹನ್ನೊಂದು ದಿನಕ್ಕೆ, ಗುರುವಾರ, ಆಂಗಸ್ ನಮ್ಮ ಮನೆಗೆ ಬಂದ. ಕುಂಟುತ್ತಲೇ ಮಲಗುವ ಕೋಣೆಗೆ ನುಗ್ಗಿದ. ಲಾಕಿಗೆ ಆಗ ಒಂದೊಂದೇ ಮಾತು ಬರುತ್ತಿತ್ತು. ನಾನು ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆ.

“ಬಂದಿದ್ದ ಕಣೋ” ಅಂದ ಆಂಗಸ್.

“ಯಾರು?”

“ಎಣ್ಣೆಯೋನು. ಹೊಸಬ. ಚೀಟೀಲಿ ನನ್ ಹೆಸ್ರು, ನನ್ ಮನೆ ನಂಬರು. ದೋಣಿ ಆಂಗಸ್‌ನ ಹೊಡೆದು ಹಾಕಿದಾರೆ ಆಫೀಸಿನೋರು. ಕಿವೀಲಿ ಅದೇನೋ ಸಿಕ್ಕಿಸ್ಕೊಂಡಿದ್ದ. ನಾನೂ ನನ್ ಹೆಂಡ್ತೀನೂ ಅಂಚೆ ಕಚೇರೀಲಿದ್ವಿ. ಬಂದು ನೋಡ್ತೀನಿ, ಕೊಳವೆ ಹೆಗಲ ಮೇಲೆ ಹಾಕ್ಕೊಂಡು ಮನೆ ಸುತ್ತ ಪ್ರದಕ್ಷಿಣೆ ಹಾಕ್ತಿದಾನೆ.”

“ಆಮೇಲೆ?”

“ಆಮೇಲೇನು, ನಂಗೇ ಬೈದ. ಪೈಪು ಎಲ್ಲಿ ಬಚ್ಚಿಟ್ಟಿದೀಯ ಮುದ್ಕ ಅಂದ.”

ಲಾಕಿಯ ಹೆಗಲು ಅಲುಗಿತು. ಕೆಮ್ಮು ಅಂದುಕೊಂಡೆ. ನಗು.

“ಅಂಗಡೀಲಿ ಎಲ್ರಿಗೂ ಹೇಳ್ಬಂದೆ” ಅಂದ ಆಂಗಸ್. “ಪೈಪು ಬಿಟ್ಟು ಹೋದದ್ದೂ ಹೇಳ್ದೆ. ಸಾಯೋ ಹಾಸಿಗೆಯಿಂದ ಎದ್ದು ಬಂದು, ಮುಖ ನೋಡಿ ತಪ್ಪಾಯ್ತು ಅಂದದ್ದೂ ಹೇಳ್ದೆ. ಯಾರೂ ನಗ್ಲಿಲ್ಲ. ಎಫಿ ಅತ್ಲು.”

ಲಾಕಿ ಬಹಳ ಹೊತ್ತು ಉಸಿರು ಕೂಡಿಸಿಕೊಂಡ. “ಕಿತ್ತೋರು ಯಾರು ಅಂದೆ?”

“ನೀನು ಅಂದೆ. ಮತ್ತಿನ್ಯಾರು ಅನ್ಲಿ?”

“ಡೀನಾ ಕಿತ್ಲು ಅನ್ನು.”

“ಹೆಂಗಸ್ರು ಕಿತ್ರು ಅಂದ್ರೆ ಯಾರೋ ನಂಬ್ತಾರೆ?”

“ನಂಬೋದು ಅವ್ರ ಕೆಲ್ಸ. ಸುಳ್ಳು ಹೇಳ್ಬೇಡ ಆಂಗಸ್. ನಾನು ಹೇಳಿ ನೋಡಿದೀನಿ. ನಿದ್ದೆ ಬರಲ್ಲ.”

ಆಂಗಸ್ ನನ್ನ ಕಡೆ ನೋಡಿದ. ನಾನು ಕೈ ಬಿಚ್ಚಿ ತೋರಿಸಿದೆ. ಅಂಗೈ ಗಾಯ ಇನ್ನೂ ಒಣಗಿರಲಿಲ್ಲ. ಅವನು ಟೋಪಿ ಹಾಕಿಕೊಂಡ, ಗೊಣಗುತ್ತ ಮೆಟ್ಟಿಲಿಳಿದ. ಚಹಾ ಕುಡಿದು ಹೋಗು ಅಂದೆ. ಆಮೇಲೆ ಬರ್ತೀನಿ ಅಂದ.

ಕಿಟಕಿಯಿಂದ ನೋಡಿದೆ. ಅವನ ಗಾಡಿ ಗುಡ್ಡದ ಕಡೆ ತಿರುಗಲಿಲ್ಲ. ಅಂಗಡಿಯ ಕಡೆಗೇ ಹೋಯಿತು.